ಆ ಜಾಗ ಎಳೆಯುತ್ತದೆ

ಹುಣಸೂರಿನಲ್ಲಿ ನಮ್ಮ ಮನೆ ಇದ್ದದ್ದು ಮೇನ್ ರೋಡಿನಲ್ಲಿ. ಕೆಳಗೆ ಗೊಬ್ಬರದ ಅಂಗಡಿ, ಮಹಡಿಯ ಎರಡು ಕೋಣೆಗಳಲ್ಲಿ ಬಾಡಿಗೆಗೆ ನಾವು. ಬೀದಿ ಕಡೆಯ ಕಿಟಕಿಯಲ್ಲಿ ಕೂತರೆ ಮೈಸೂರಿನಿಂದ ಮಡಿಕೇರಿಯತ್ತ ಹೋಗುವುದೆಲ್ಲ ಕಾಣುತ್ತಿತ್ತು: ಬಸ್ಸುಗಳು, ದಿಮ್ಮಿ ಹೇರಿಕೊಂಡ ಲಾರಿಗಳು, ಸೀಸನ್ನಿನಲ್ಲಿ ಹೊಗೆಸೊಪ್ಪಿನ ಬೇಲುಗಳು, ಬೈಲಕುಪ್ಪೆಯ ಕಡೆ ಹೋಗುವ ಜೀಪುಗಳು. ಇವೆಲ್ಲದರ ಎಡ ಅಂಚಿನಲ್ಲಿ, ಟಾರು ಮುಗಿದು ಮಣ್ಣು ಶುರುವಾಗುವ ಇಷ್ಟೇ ಇಷ್ಟು ಜಾಗದಲ್ಲಿ, ಸೈಕಲ್ಲುಗಳು ಮತ್ತು ನಡೆಯುವ ಜನ. ಫುಟ್‌ಪಾತ್ ಎಂಬುದು ಇರಲಿಲ್ಲ. ಚರಂಡಿಯ ಮೇಲಿನ ಚಪ್ಪಡಿಗಳ ಮೇಲೆ ಅಂಗಡಿಯವರ ಹಗ್ಗ, ಬಕೆಟ್ಟು, ಸಲಿಕೆಗಳು ಕೂತಿದ್ದವು. ಪ್ರತಿ ಸಲ ಹೊಸ ಟಾರು ಬಿದ್ದಾಗಲೂ ರಸ್ತೆ ಇನ್ನಷ್ಟು ಎತ್ತರವಾಗಿ, ಮಣ್ಣು ತಗ್ಗಿನಲ್ಲೇ ಉಳಿಯುತ್ತಿತ್ತು. ಅಂಚಿನಿಂದ ಕೆಳಗಿಳಿದ ಚಕ್ರ ಮತ್ತೆ ಮೇಲೆ ಹತ್ತುವುದು ಕಷ್ಟ. ಹಾಗಾಗಿ ಸೈಕಲ್ಲಿನವರು ಇಳಿಯುತ್ತಲೇ ಇರಲಿಲ್ಲ.

ಕಿಟಕಿಯಿಂದ ಓರೆಯಾಗಿ ನೋಡಿದರೆ, ರಸ್ತೆಯ ಆಚೆ ಬದಿಯಲ್ಲಿ ಒಂದು ಓಣಿ ಬಂದು ಮೇನ್ ರೋಡಿಗೆ ಸೇರುವ ಜಾಗ ಕಾಣುತ್ತಿತ್ತು. ಓಣಿಯ ಬಾಯಲ್ಲಿ ಒಂದು ಹೊಂಗೆ ಮರ, ಮರದ ಕೆಳಗೆ ಹೂ ಮಾರುವ ಹೆಂಗಸು, ಅವಳ ಪಕ್ಕದಲ್ಲಿ ಸೈಕಲ್ ಶಾಪು. ಅಪ್ಪ ಸತ್ತದ್ದು ಅಲ್ಲಿ.

ಅಪ್ಪ ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದರು. ಡಾಕ್ಟರು ಬರಲಾಗದ ಹಳ್ಳಿಗಳಿಗೆ ಹ್ಯಾಂಡಲಿಗೆ ಚೀಲ ನೇತುಹಾಕಿಕೊಂಡು ಸೈಕಲ್ಲಿನಲ್ಲೇ ಹೋಗಿಬರುತ್ತಿದ್ದರು. ಅವಸರದ ಮನುಷ್ಯ ಅಲ್ಲ. ಬಸ್ಸು ಹಿಂದಿನಿಂದ ಹಾರ್ನ್ ಮಾಡಿದರೆ ಇಳಿದು ನಿಂತು, ಅದು ದೂರ ಹೋದ ಮೇಲೆ ಹತ್ತುವವರು. ನನಗೆ ಎಂ.ಎಸ್ಸಿ.ಗೆ ಸೀಟು ಸಿಕ್ಕಿದ ವರ್ಷ, ನಾನು ಮೈಸೂರಿಗೆ ಹೊರಡಬೇಕಿದ್ದ ವಾರದಲ್ಲಿ, ಒಂದು ಬೆಳಿಗ್ಗೆ ಅವರು ಓಣಿಯ ಬಾಯಿಯ ಹತ್ತಿರ ಇದ್ದಕ್ಕಿದ್ದಂತೆ ರಸ್ತೆಯ ನಡುವಿಗೆ ಬಂದರು. ಹಿಂದೆ ಲಾರಿ ಇತ್ತು.

ಕಣ್ಣಾರೆ ಕಂಡವಳು ಹೂವಿನವಳು. ಅವಳು ಹೇಳಿದ್ದನ್ನು ಅಂದಿನಿಂದ ನಾನು ಎಷ್ಟೋ ಬಾಯಿಗಳಲ್ಲಿ ಕೇಳಿದ್ದೇನೆ, ಆದರೆ ಮೊದಲು ಕೇಳಿದ್ದು ಅವಳದೇ ಬಾಯಲ್ಲಿ, ನಮ್ಮ ಮೆಟ್ಟಿಲ ಮೇಲೆ.

"ನೆಟ್ಟಗೆ ಬತ್ತಿದ್ರು ಕಣವ್ವ. ನಂಗೆ ತಲೆ ಆಡ್ಸಿ ನಕ್ಕರು ಕೂಡ. ಆಮೇಕೆ ಯಾರೋ ರಟ್ಟೆ ಹಿಡ್ದು ಎಳ್ದಂಗೆ ನಡೂರೋಡಿಗೆ ಬಂದ್ಬುಟ್ರು. ಎಳ್ದಂಗೇ ಕಣವ್ವ. ನಾನ್ ಸುಳ್ಳು ಹೇಳಕ್ಕಿಲ್ಲ."

ಅಮ್ಮ ಅವತ್ತು ಗೋಡೆಗೆ ಒರಗಿ ಕೂತವಳು ಏಳಲಿಲ್ಲ. ಗಂಡಸರು ಸ್ಮಶಾನದಿಂದ ಹಿಂತಿರುಗಿದ ಮೇಲೂ ತಲೆಗೆ ನೀರು ಹಾಕಿಕೊಳ್ಳಲು ಒಪ್ಪಲಿಲ್ಲ. ಕೊನೆಗೆ ಅಕ್ಕಪಕ್ಕದ ಹೆಂಗಸರು ಎತ್ತಿ ಕರೆದುಕೊಂಡು ಹೋಗಿ ಬಚ್ಚಲಲ್ಲಿ ಕೂರಿಸಿ ಅವರೇ ನೀರು ಹುಯ್ದರು. ಅದು ತನ್ನ ಮೇಲೆ ಬಿದ್ದ ನೀರಲ್ಲ ಎಂಬಂತೆ ಅವಳು ಕೂತಿದ್ದಳು.

ಹೂವಿನವಳ ಮಾತು ಬೀದಿಯಲ್ಲಿ ಉಳಿದುಕೊಂಡಿತು. ಮೊದಲು ಅದು ಅಪ್ಪನ ವಿಷಯವಾಗಿತ್ತು, ಆಮೇಲೆ ಜಾಗದ ವಿಷಯವಾಯಿತು. ಆ ಜಾಗ ಎಳೀತದೆ ಎಂದರು. ಹಿಂದೊಮ್ಮೆ ಹಾಲಿನವನೊಬ್ಬ ಅಲ್ಲೇ ಬಿದ್ದದ್ದನ್ನು ನೆನಪಿಸಿಕೊಂಡರು. ಶಾಲೆಗೆ ಹೋಗುವ ಮಕ್ಕಳಿಗೆ ಅಲ್ಲಿ ಜೋಪಾನ ಎಂದು ಹೇಳತೊಡಗಿದರು. ಲಾರಿಯನ್ನು ನೋಡಿಕೊಳ್ಳಿ ಎಂದು ಯಾರೂ ಹೇಳಲಿಲ್ಲ. ಎಳೆಯುತ್ತದೆ, ಹ್ಯಾಂಡಲ್ ಬಿಗಿಯಾಗಿ ಹಿಡಿಯಿರಿ ಎಂದರು.

ಮೂರು ದಾರಿ ಕೂಡುವ ಜಾಗವಾದ್ದರಿಂದ ಅಲ್ಲಿಗೆ ಮೊದಲಿನಿಂದಲೂ ಒಂದು ಬಳಕೆ ಇತ್ತು. ಯಾರಿಗಾದರೂ ದೃಷ್ಟಿಯಾಗಿದೆ ಎಂದರೆ ನಿಂಬೆಹಣ್ಣನ್ನೋ ಉಪ್ಪು ಮೆಣಸಿನಕಾಯಿಯನ್ನೋ ನಿವಾಳಿಸಿ ಮೂರು ದಾರಿಯಲ್ಲಿ ಹಾಕಿ, ತಿರುಗಿ ನೋಡದೆ ಬರುವುದು. ಅಮಾವಾಸ್ಯೆಗೆ ಅಂಗಡಿಯವರು ಕುಂಕುಮ ತುಂಬಿದ ಬೂದುಗುಂಬಳ ಒಡೆಯುವುದು. ಹಾಗೆ ಹಾಕಿದ್ದನ್ನು ಯಾರೂ ತುಳಿಯುವುದಿಲ್ಲ, ದಾಟುವುದಿಲ್ಲ. ಕಸ ಗುಡಿಸುವವರೂ ಅದನ್ನು ಬಿಟ್ಟು ಸುತ್ತಲೂ ಗುಡಿಸಿಕೊಂಡು ಹೋಗುತ್ತಾರೆ. ಅಪ್ಪ ಹೋದ ಮೇಲೆ ಈ ಬಳಕೆ ಹೆಚ್ಚಾಯಿತು. ಸೈಕಲ್ ಶಾಪಿನವನು ಮಂಗಳವಾರವೂ ಹಾಕತೊಡಗಿದ. ಎಳೆಯುವುದನ್ನು ಶಾಂತವಾಗಿಡಬೇಕಲ್ಲ.

ಅಮ್ಮನೂ ಹಾಕತೊಡಗಿದಳು. ಅದು ತಂಗಿಯ ಸೈಕಲ್ಲಿನಿಂದ ಶುರುವಾದದ್ದು.

ತಂಗಿ ಪಿಯುಸಿಗೆ ಸೇರಿದಾಗ ಕಾಲೇಜು ಊರಿನ ಆ ಕೊನೆಯಲ್ಲಿತ್ತು. ನಡೆದು ಹೋಗಿ ಬರುವಷ್ಟರಲ್ಲಿ ಸುಸ್ತಾಗುತ್ತಿದ್ದಳು. ಸೈಕಲ್ ಬೇಕು ಎಂದಳು. ಅಮ್ಮ ಆಗುವುದಿಲ್ಲ ಎಂದಳು. ತಂಗಿ ನನ್ನ ಹಾಗಲ್ಲ, ಮನಸ್ಸಿನಲ್ಲಿ ಇಟ್ಟುಕೊಳ್ಳುವವಳಲ್ಲ. ಊಟ ಬಿಟ್ಟಳು, ಅತ್ತಳು, ಕೊನೆಗೆ, "ಅಂಗಾದ್ರೆ ಕಾಲೇಜೂ ಬ್ಯಾಡ ಬುಡು, ನಿನ್ ಜೊತೇಲಿ ಕಿಟಕೀಲಿ ಕೂತ್ಕತೀನಿ," ಎಂದಳು. ಅಮ್ಮ ಮರುದಿನ ಹಳೆಯ ಲೇಡೀಸ್ ಸೈಕಲ್ ಒಂದನ್ನು ಶಾಪಿನಿಂದ ಕೊಂಡು ತರಿಸಿದಳು.

"ನೀನು ಓಗು. ಅಲ್ಲೀದು ನಾನು ನೋಡ್ಕತೀನಿ," ಎಂದಳು.

ಅವಳು ನೋಡಿಕೊಂಡದ್ದು ಹೀಗೆ. ಮಂಗಳವಾರ, ಶುಕ್ರವಾರ ಮತ್ತು ಅಮಾವಾಸ್ಯೆಯ ದಿನ ತಂಗಿ ಹೊರಡುವ ಮುಂಚೆ ಒಂದು ನಿಂಬೆಹಣ್ಣನ್ನು ತಳ ಕೂಡಿಕೊಂಡಿರುವ ಹಾಗೆ ನಾಲ್ಕು ಸೀಳಾಗಿ ಕೊಯ್ದು, ಕುಂಕುಮ ತುಂಬಿ, ತವರೂರು ಕಟ್ಟೆಮಳಲವಾಡಿಯಲ್ಲಿ ತನ್ನ ತಾಯಿ ಮಾಡುತ್ತಿದ್ದಂತೆ ನಡುವೆ ಒಂದು ಬೇವಿನೆಲೆ ಸಿಕ್ಕಿಸಿ, ತಂಗಿಯ ತಲೆಯ ಸುತ್ತ ಇಳಿಸಿ, ಸೆರಗಿನಲ್ಲಿ ಮುಚ್ಚಿಕೊಂಡು ರಸ್ತೆ ದಾಟಿ ಇಟ್ಟು ಬರುತ್ತಿದ್ದಳು. ಟಾರಿನ ಅಂಚಿನಲ್ಲಿ, ಅಪ್ಪ ತಿರುಗಿದ ಕಡೆ. ಬೇವಿನೆಲೆಯ ಪದ್ಧತಿ ನಮ್ಮ ಮನೆಯದು ಮಾತ್ರ. ಬೀದಿಯಲ್ಲಿ ಬೇರೆ ಯಾರೂ ಹಾಗೆ ಮಾಡುತ್ತಿರಲಿಲ್ಲ.

ನಾನು ಆಗ ಮೈಸೂರಿನಲ್ಲಿದ್ದೆ. ಓದು ಮುಗಿಸಿ, ಕೆಲಸಗಳಿಗೆ ಅರ್ಜಿ ಹಾಕಿಕೊಂಡು ಮನೆಗೆ ಬಂದಾಗ ತಂಗಿ ಎರಡನೇ ವರ್ಷದಲ್ಲಿದ್ದಳು. ಹಗಲೆಲ್ಲ ನನಗೆ ಕಿಟಕಿಯೇ. ಅಪ್ಪ ಹೋದ ಮೇಲೆ ನಾನು ಆ ಓಣಿಯ ಕಡೆ ಸರಿಯಾಗಿ ನೋಡಿರಲಿಲ್ಲ. ಈಗ ನೋಡತೊಡಗಿದೆ, ಮತ್ತು ಕೆಲವು ದಿನಗಳಲ್ಲೇ ಹೂವಿನವಳು ಹೇಳಿದ್ದು ಸುಳ್ಳಲ್ಲ ಎಂದು ಗೊತ್ತಾಯಿತು.

ಮೇಲಿನಿಂದ ಎಲ್ಲವೂ ಸ್ಪಷ್ಟವಾಗಿತ್ತು. ಸೈಕಲ್ಲುಗಳು ಅಂಚು ಹಿಡಿದು ಸಾಲಾಗಿ ಬರುತ್ತವೆ. ಹೊಂಗೆ ಮರದ ನೆರಳು ಬರುತ್ತಿದ್ದಂತೆ ಒಂದಾದ ಮೇಲೊಂದು ಬಲಕ್ಕೆ ವಾಲುತ್ತವೆ. ರಸ್ತೆಯ ಒಳಕ್ಕೆ ಹೋಗಿ, ಓಣಿ ದಾಟಿದ ಮೇಲೆ ಮತ್ತೆ ಅಂಚಿಗೆ ಬರುತ್ತವೆ. ಮುದುಕರು, ಕಾಲೇಜಿನ ಹುಡುಗಿಯರು, ಬಾಳೆಗೊನೆ ಕಟ್ಟಿಕೊಂಡವರು, ಎಲ್ಲರೂ. ಅವರ ಮುಖದಲ್ಲಿ ಏನೂ ಇರುವುದಿಲ್ಲ. ಮಾತಾಡುತ್ತಿದ್ದವರು ಮಾತು ನಿಲ್ಲಿಸುವುದಿಲ್ಲ. ನಡೆದು ಬರುವವರೂ ಅಲ್ಲಿ ಟಾರಿನ ಮೇಲಕ್ಕೆ ಬರುತ್ತಾರೆ. ಕಾಣದ ಕೈಯೊಂದು ಎಲ್ಲರನ್ನೂ ಒಂದೇ ಕಡೆಗೆ ಎಳೆಯುತ್ತಿದೆ ಎಂದು ಯಾರಾದರೂ ಆ ಕಿಟಕಿಯಲ್ಲಿ ಕೂತು ಹೇಳಿದ್ದರೆ ನಾನು ವಾದಿಸುತ್ತಿರಲಿಲ್ಲ.

ಒಂದು ಶುಕ್ರವಾರ ತಂಗಿಯ ಮುಂದೆ ಹೋಗುತ್ತಿದ್ದ ಅವಳ ಗೆಳತಿ ಹಾಗೇ ಬಲಕ್ಕೆ ವಾಲಿದಳು. ಹಿಂದಿನಿಂದ ಬಂದ ಬಸ್ಸು ಬ್ರೇಕ್ ಹಾಕಿ ಅಡ್ಡಡ್ಡ ನಿಂತಿತು. ಹುಡುಗಿ ಬಿದ್ದಳು. ಮೊಣಕಾಲು ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ನಾನು ಮೆಟ್ಟಿಲು ಇಳಿದು ಓಡಿದೆ. ಕಂಡಕ್ಟರ್ ಬೈಯುತ್ತಿದ್ದ. ಸೈಕಲ್ ಶಾಪಿನವನು ಹುಡುಗಿಯನ್ನು ಎಬ್ಬಿಸಿ ನೀರು ಕೊಟ್ಟು, "ಏನಾಯ್ತವ್ವ, ಎಳೀತಾ?" ಎಂದು ಕೇಳಿದ. ಹುಡುಗಿ ಅಳುತ್ತಾ ಹೌದು ಎಂದು ತಲೆಯಾಡಿಸಿದಳು.

ಅವಳ ಸೈಕಲ್ಲು ಬಿದ್ದ ಜಾಗದ ಪಕ್ಕದಲ್ಲಿ, ಟಾರಿನ ಅಂಚಿನಲ್ಲಿ, ನಿಂಬೆಹಣ್ಣು ಇತ್ತು. ನಾಲ್ಕು ಸೀಳು. ನಡುವೆ ಬೇವಿನೆಲೆ, ಇನ್ನೂ ಬಾಡಿರಲಿಲ್ಲ.

ಎಳೆಯುತ್ತಿದ್ದ ಕೈ ಯಾವುದು ಎಂದು ನನಗೆ ಅಲ್ಲಿ ನಿಂತಾಗ ತಿಳಿಯಿತು. ಅವರು ಅದನ್ನು ತುಳಿಯಬಾರದೆಂದು ತಿರುಗುತ್ತಿದ್ದರು, ಅಷ್ಟೇ. ಎಡಕ್ಕೆ ಇಳಿದರೆ ತಗ್ಗು, ಹಾಗಾಗಿ ಬಲಕ್ಕೆ. ಹುಟ್ಟಿದಾಗಿನಿಂದ ಕಲಿತದ್ದಾದ್ದರಿಂದ ತಿರುಗಿದ್ದು ಅವರಿಗೇ ಗೊತ್ತಾಗುತ್ತಿರಲಿಲ್ಲ. ಯಾರಾದರೂ ಬಿದ್ದಾಗ ಇನ್ನೊಂದು ನಿಂಬೆಹಣ್ಣು ಬರುತ್ತಿತ್ತು, ಅದನ್ನು ಬಳಸಿ ಹೋಗಲು ಇನ್ನಷ್ಟು ಒಳಕ್ಕೆ ಹೋಗಬೇಕಾಗುತ್ತಿತ್ತು.

ಇದನ್ನು ಅಮ್ಮನಿಗೆ ಹೇಳುವುದು ಸುಲಭ ಎಂದು ಮೆಟ್ಟಿಲು ಹತ್ತುವಾಗ ಅನ್ನಿಸಿತ್ತು. ಮೆಟ್ಟಿಲ ತಿರುವಿನಲ್ಲಿ ಅಪ್ಪನ ಸೈಕಲ್ಲು ಗೋಡೆಗೆ ಒರಗಿತ್ತು, ಪೊಲೀಸ್ ಸ್ಟೇಷನ್ನಿನಿಂದ ತಂದಾಗಿನಂತೆಯೇ, ಮುಂದಿನ ಚಕ್ರ ಮಡಚಿಕೊಂಡು. ಅಲ್ಲಿ ನನ್ನ ಕಾಲು ನಿಂತಿತು. ಅಪ್ಪ ಹೋಗುವ ಹಿಂದಿನ ಸಂಜೆ ನೆನಪಾಯಿತು. ನನಗೆ ಸೀಟು ಸಿಕ್ಕಿತೆಂದು ನೆಂಟರು ಬಂದು ಹೋಗಿದ್ದರು. ಅವರು ಹೋದ ಮೇಲೆ ಅಮ್ಮ ನನ್ನನ್ನು ಹೊಸಿಲ ಹತ್ತಿರ ನಿಲ್ಲಿಸಿ, "ಎಲ್ರ ಕಣ್ಣೂ ನಿನ್ ಮ್ಯಾಲೇ ಕಣ ಮಗ ಇವತ್ತು," ಎಂದು ನಿಂಬೆಹಣ್ಣು ಇಳಿಸಿದ್ದಳು. ನಾನು ನಕ್ಕಿದ್ದೆ. ಅವಳು ಸೆರಗು ಮುಚ್ಚಿಕೊಂಡು ಕೆಳಗಿಳಿದು ಹೋಗಿದ್ದಳು.

ಎಲ್ಲಿ ಹಾಕಿ ಬಂದಳೆಂದು ನಾನು ಆಗ ಕೇಳಿರಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ. ನಮ್ಮ ಮನೆಯ ಹತ್ತಿರ ಮೂರು ದಾರಿ ಕೂಡುವ ಜಾಗ ಇದ್ದದ್ದು ಅದೊಂದೇ.

ಈ ಹಣ್ಣಿನಿಂದ ತಂಗಿಗೆ ಅಪಾಯ ಎಂದು ನಾನು ಹೇಳಿದರೆ, ಅಮ್ಮ ಅಲ್ಲಿಗೆ ನಿಲ್ಲುವವಳಲ್ಲ. ಅಲ್ಲಿಂದ ಅಪ್ಪ ಹೋದ ಆ ಬೆಳಿಗ್ಗೆಗೆ ಒಂದೇ ಹೆಜ್ಜೆ. ಹೇಳದಿದ್ದರೆ, ಮಂಗಳವಾರ ಬರುತ್ತದೆ, ತಂಗಿ ಸೈಕಲ್ ಹತ್ತುತ್ತಾಳೆ. ನಾನು ಆ ವಾರವೆಲ್ಲ ಅವಳನ್ನು ನಡೆದು ಹೋಗು ಎಂದೆ. "ನಿಂಗೂ ಅಮ್ಮನ್ ಕಾಯ್ಲೆ ಅಂಟ್ಕತಾ ಅಕ್ಕ?" ಎಂದು ಅವಳು ನಕ್ಕು ಹೊರಟಳು. ಕಿಟಕಿಯಲ್ಲಿ ನಿಂತೆ. ಹೊಂಗೆಯ ನೆರಳಿನಲ್ಲಿ ಅವಳ ಎರಡು ಜಡೆಗಳು ಬಲಕ್ಕೆ ವಾಲಿದವು.

ಗೆಳತಿ ಬಿದ್ದದ್ದರಿಂದ ಬೀದಿಯವರು ಸೇರಿ ಹಂಪ್ ಹಾಕಿಸುವ ಮಾತೆತ್ತಿದರು. ಅರ್ಜಿ ಬರೆಯಲು ನನ್ನನ್ನು ಕರೆದರು. ಶಾಪಿನ ಮುಂದೆ ಸ್ಟೂಲಿನ ಮೇಲೆ ಕೂತು ಬರೆದೆ. ರಸ್ತೆ ಹೈವೇಯವರದು, ಚರಂಡಿ ಊರಿನವರದು, ಆದ್ದರಿಂದ ಎರಡು ಕಡೆಗೂ ಬರೆಯಬೇಕಿತ್ತು.

"ಬರೀರಿ ಬರೀರಿ," ಎಂದ ಸೈಕಲ್ ಶಾಪಿನವನು. "ನಾನೂ ಅಂಪ್ ಹಾಕ್ಸಿ ಅಂತ ಬರ್ದೂ ಬರ್ದೂ ಪೆನ್ನೇ ಪಂಚರ್ ಆಗೋಯ್ತು."

"ಅಂಪ್ ಬರೋದು ಸರಿ, ನನ್ ಅಂಗ್ಡಿ ಮುಂದೆ ಬ್ಯಾಡ," ಎಂದ ಗೊಬ್ಬರದ ಅಂಗಡಿಯ ಯಜಮಾನ. "ಲಾರಿ ಎತ್ತಿ ಹಾಕ್ದಂಗೆಲ್ಲ ಗೋಡೆ ಬಿರುಕು ಬುಡ್ತದೆ."

"ನಿನ್ ಗೋಡೆ ಆಗ್ಲೇ ಬಿರುಕು ಬುಟ್ಟದಲ್ಲ ಮಾರಾಯ. ಅಂಪು ಬಂದ್ರೆ ಅದುರಿ ಅದುರಿ ಕೂಡ್ಕಂಡ್ರೂ ಕೂಡ್ಕಬೋದು," ಎಂದ ಶಾಪಿನವನು.

ಎಲ್ಲರೂ ನಕ್ಕರು. ಅಂಚಿನ ತಗ್ಗಿಗೆ ಮಣ್ಣು ತುಂಬಿಸಬೇಕು, ಚಪ್ಪಡಿಗಳನ್ನು ನಡೆಯುವವರಿಗೆ ಬಿಡಿಸಿಕೊಡಬೇಕು ಎಂದೂ ಅರ್ಜಿಯಲ್ಲಿ ಸೇರಿಸಿದೆ. ಚಪ್ಪಡಿಯ ಮಾತು ಓದಿದಾಗ ನಗು ನಿಂತಿತು. ಮೂರು ದಾರಿಯಲ್ಲಿ ಹಾಕುವುದರ ಬಗ್ಗೆ ಒಂದು ಸಾಲು ಬರೆಯಬೇಕೆಂದುಕೊಂಡೆ. ಮೇಲೆ ನೋಡಿದೆ. ನಮ್ಮ ಕಿಟಕಿಯಲ್ಲಿ ಅಮ್ಮ ನಿಂತಿದ್ದಳು. ಬರೆಯಲಿಲ್ಲ.

ಆ ವಾರ ಕಳೆದು ಸೋಮವಾರ ಸಂಜೆ ಅಮ್ಮ ಬೇವಿನೆಲೆ ಕಿತ್ತು ತಂದು ನೀರಿನಲ್ಲಿ ಹಾಕುತ್ತಿದ್ದಾಗ ನಾನು ಅವಳ ಪಕ್ಕದಲ್ಲಿ ಕೂತೆ. ಹೇಗೆ ಶುರು ಮಾಡುವುದೆಂದು ಗೊತ್ತಿರಲಿಲ್ಲ. ಕೊನೆಗೆ ಬಾಯಿಗೆ ಬಂದದ್ದು ನಾನು ನಂಬಿರದ ಮಾತು.

"ಅಮ್ಮ, ಯಾವಾಗ್ಲೂ ರಸ್ತೆ ಮೇಲೇ ಇಟ್ರೆ ಅಪ್ಪ ರಸ್ತೆ ಮೇಲೇ ನಿಂತಿರಬೇಕಾಗತ್ತೆ ಅಲ್ವಾ. ಮರದ ಬುಡಕ್ಕೆ ಇಡು. ಅಲ್ಲಿ ನೆರಳಿದೆ."

ಅಮ್ಮ ನೀರಿನಲ್ಲಿದ್ದ ಎಲೆಗಳನ್ನು ಬೆರಳಿನಿಂದ ಒಂದೊಂದಾಗಿ ಮುಳುಗಿಸುತ್ತಿದ್ದಳು. ಅವು ಮತ್ತೆ ತೇಲುತ್ತಿದ್ದವು. ನನ್ನ ಮುಖ ನೋಡದೆ, "ನೀನು ಆ ಮಗು ಬಿದ್ದಾಗ ಹತ್ರ ಓಗಿದ್ದಲ್ಲ," ಎಂದಳು.

"ಹೂಂ."

"ನಮ್ದೇ ಇತ್ತಾ ಅಲ್ಲಿ?"

ನಾನು ತೇಲುವ ಎಲೆಗಳನ್ನೇ ನೋಡಿದೆ. ಅವಳು ಒಮ್ಮೆ ನನ್ನ ಮುಖ ನೋಡಿದಳು. ಎದ್ದು ಎಲೆಗಳನ್ನು ನೀರಿನ ಸಮೇತ ಬಚ್ಚಲಿಗೆ ಚೆಲ್ಲಿದಳು.

ಮರುದಿನ ಬೆಳಿಗ್ಗೆ ಅವಳು ನಿಂಬೆಹಣ್ಣು ಕೊಯ್ಯಲಿಲ್ಲ. ಒಂದು ಮೊರ ಮತ್ತು ಪೊರಕೆ ಹಿಡಿದುಕೊಂಡು ರಸ್ತೆ ದಾಟಿದಳು. ನಾನು ಹಿಂದೆಯೇ ಹೋದೆ. ಅಂಚಿನಲ್ಲಿ ಹಿಂದಿನ ಅಮಾವಾಸ್ಯೆಯ ಕುಂಬಳದ ಒಣಗಿದ ತುಂಡುಗಳು, ಯಾರೋ ಹಾಕಿದ ಮೆಣಸಿನಕಾಯಿ, ಕಪ್ಪಾದ ನಿಂಬೆಯ ಸಿಪ್ಪೆಗಳು, ಗುಡಿಸುವವರು ಮುಟ್ಟದೆ ಬಿಟ್ಟ ಜಲ್ಲಿ. ಅಮ್ಮ ಬಗ್ಗಿ ಅವನ್ನು ಬರಿಗೈಯಲ್ಲಿ ಎತ್ತಿ ಮೊರಕ್ಕೆ ಹಾಕತೊಡಗಿದಳು. ಹೂವಿನವಳು ಎದ್ದು ನಿಂತುಬಿಟ್ಟಳು.

"ಅಯ್ಯೋ ಅಕ್ಕ, ಏನ್ ಮಾಡ್ತಿದ್ದೀರಿ, ಮುಟ್ಟಬ್ಯಾಡಿ. ಯಾರ್ಯಾರದೋ ಇರ್ತದೆ. ಅಂಟ್ಕತದೆ."

"ಅಂಟ್ಕಳ್ಲಿ ಬುಡವ್ವ," ಎಂದಳು ಅಮ್ಮ, ಕೆಲಸ ನಿಲ್ಲಿಸದೆ. "ನಂಗೆ ಇನ್ನೇನ್ ಆಗ್ಬೇಕು."

ಎಲ್ಲವನ್ನೂ ಮರದ ಬುಡಕ್ಕೆ ಸುರಿದು, ಅಂಚನ್ನು ಗುಡಿಸಿ, ಹೂವಿನವಳಿಗೆ ಹೇಳಿದಳು: "ಇನ್ಮ್ಯಾಕೆ ಯಾರೇ ತಂದ್ರೂ ಇಲ್ಲಿ ಹಾಕಿ ಅನ್ನು. ನನ್ ಹೆಸ್ರೇಳು." ಬೀದಿಯಲ್ಲಿ ಅಮ್ಮನಿಗೆ ತಲೆ ಸರಿಯಿಲ್ಲ ಎಂದರು. ಆದರೆ ಗಂಡನನ್ನು ಅಲ್ಲಿ ಕಳೆದುಕೊಂಡವಳ ಮಾತನ್ನು ಮೀರಲು ಯಾರಿಗೂ ಧೈರ್ಯ ಬರಲಿಲ್ಲ. ಮುಂದಿನ ಅಮಾವಾಸ್ಯೆಗೆ ಕುಂಬಳಕಾಯಿಗಳು ಮರದ ಬುಡದಲ್ಲಿ ಒಡೆದವು.

ಅಲ್ಲಿಗೆ ಮುಗಿಯಿತೆಂದು ನಾನು ಎಣಿಸಿದ್ದೆ. ಅಂಚು ಖಾಲಿಯಾಗಿತ್ತು, ಕಿಟಕಿಯಿಂದ ಕಪ್ಪು ಟಾರು ಮಾತ್ರ ಕಾಣುತ್ತಿತ್ತು. ಸೈಕಲ್ಲುಗಳು ಸಾಲಾಗಿ ಬಂದವು. ಹೊಂಗೆಯ ನೆರಳು ಬಂತು. ಒಂದಾದ ಮೇಲೊಂದು ಬಲಕ್ಕೆ ವಾಲಿದವು.

ಏನೂ ಇಲ್ಲದ ಜಾಗವನ್ನು ಅವರು ಸುತ್ತಿ ಬಳಸಿ ಹೋಗುತ್ತಿದ್ದರು. ಮರುದಿನವೂ ಹಾಗೆಯೇ. ಒಂದು ವಾರ ನೋಡಿದೆ. ಇಬ್ಬರು ಮೂವರು ಪರ ಊರಿನವರು ನೇರವಾಗಿ ಹೋದರು. ನಮ್ಮ ಬೀದಿಯವರು ಯಾರೂ ಹೋಗಲಿಲ್ಲ. ನಾನು ಕಲಿತ ಯಾವುದರಲ್ಲೂ ಇದಕ್ಕೆ ಜಾಗವಿರಲಿಲ್ಲ. ಆ ದಿನಗಳಲ್ಲಿ ಕಿಟಕಿಯ ಹತ್ತಿರ ಒಬ್ಬಳೇ ಇರಲು ನನಗೆ ಹೆದರಿಕೆಯಾಗುತ್ತಿತ್ತು ಎಂದು ಈವರೆಗೆ ಯಾರಿಗೂ ಹೇಳಿಲ್ಲ.

ತಂಗಿಯೂ ವಾಲುತ್ತಿದ್ದಳು. ಸಂಜೆ ಅವಳು ಮನೆಗೆ ಬಂದಾಗ ಕೇಳಿದೆ. ಅಮ್ಮ ಒಲೆಯ ಮುಂದಿದ್ದಳು.

"ಅಲ್ಲಿ ಈಗ ಏನೂ ಇಲ್ವಲ್ಲೇ. ಯಾಕೆ ನಡುವಿಗೆ ಹೋಗ್ತೀಯ?"

"ಓಗ್ತೀನಾ?" ಎಂದಳು ತಂಗಿ. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಚಪ್ಪಲಿ ಬಿಚ್ಚುತ್ತಾ ಯೋಚಿಸಿದಳು. "ಅಪ್ಪ ಅಲ್ಲೇ ಇದಾರೆ ಅನ್ಸುತ್ತೆ ಕಣೆ. ಅವರ್ ಮೇಲೆ ಚಕ್ರ ಹತ್ಸಕ್ಕಾಗುತ್ತಾ?"

ಒಲೆಯ ಮುಂದೆ ಸೌಟಿನ ಸದ್ದು ನಿಂತಿತು. ಅಪ್ಪ ರಸ್ತೆಯಲ್ಲಿ ನಿಂತಿರಬೇಕಾಗುತ್ತದೆ ಎಂಬ ಮಾತನ್ನು ಮನೆಯೊಳಗೆ ತಂದವಳು ನಾನು. ಆದರೆ ಅದು ನಾನು ಹೇಳುವ ಮೊದಲೇ ಅಲ್ಲಿತ್ತು ಎಂದು ಅಮ್ಮನ ಬೆನ್ನು ನೋಡಿದಾಗ ಅರ್ಥವಾಯಿತು. ಅವಳು ಮಂಗಳವಾರ ಶುಕ್ರವಾರ ರಸ್ತೆ ದಾಟುತ್ತಿದ್ದದ್ದು ತಂಗಿಗಾಗಿ ಮಾತ್ರ ಆಗಿರಲಿಲ್ಲ. ಅವಳಿಗೆ ಹೋಗಿ ಬರಲು ಅದೊಂದೇ ಜಾಗ ಇತ್ತು.

ಬೆಳಿಗ್ಗೆ ತಂಗಿ ಸೈಕಲ್ಲನ್ನು ರಸ್ತೆಗೆ ಇಳಿಸಿದಾಗ ಅಮ್ಮ ಕೆಳಗೆ ಬಂದು ನಿಂತಿದ್ದಳು. ತಲೆ ಬಾಚಿಕೊಂಡಿದ್ದಳು. ಒಗೆದ ಸೀರೆ ಉಟ್ಟಿದ್ದಳು.

"ನಾನೂ ಬತ್ತೀನಿ. ಕ್ಯಾರಿಯರ್ ಮ್ಯಾಲೆ ಕೂರ್ತೀನಿ," ಎಂದಳು.

"ಕಾಲೇಜಿಗಾ?" ತಂಗಿ ನಕ್ಕಳು. "ಅಡ್ಮಿಷನ್ ಮುಗ್ದೋಯ್ತು ಕಣಮ್ಮ."

"ಬಾಯ್ ಮುಚ್ಕಂಡು ತುಳಿ. ಆ ಕಡೆ ಇಳಿಸ್ಬುಡು, ನಡ್ಕಂಡು ಬತ್ತೀನಿ."

ಅಪ್ಪ ಹೋದ ಮೇಲೆ ಅಮ್ಮ ಯಾವ ಸೈಕಲ್ಲಿನ ಮೇಲೂ ಕೂತಿರಲಿಲ್ಲ. ಮೊದಲೆಲ್ಲ ಅಪ್ಪನ ಕ್ಯಾರಿಯರ್ ಮೇಲೆ ಒಂದು ಬದಿಗೆ ಕೂತು, ಬಲಗೈಯಲ್ಲಿ ಸೀಟಿನ ಕೆಳಗಿನ ಸ್ಪ್ರಿಂಗ್ ಹಿಡಿದುಕೊಂಡು ಹೋಗುತ್ತಿದ್ದಳು. ಈಗಲೂ ಕೈ ತಾನಾಗಿ ಅಲ್ಲಿಗೆ ಹೋಯಿತು. ನಾನು ಮೇಲೆ ಓಡಿ ಕಿಟಕಿಯಲ್ಲಿ ನಿಂತೆ.

ರಸ್ತೆ ದಾಟಿ ಅವರು ಆಚೆ ಅಂಚು ಹಿಡಿದರು. ಹಿಂದೆ ಬಸ್ಸೊಂದು ಬರುತ್ತಿತ್ತು. ಭಾರಕ್ಕೆ ತಂಗಿ ಸ್ವಲ್ಪ ಓಲಾಡುತ್ತಿದ್ದಳು. ಹೊಂಗೆಯ ನೆರಳು ಬಂತು. ಹ್ಯಾಂಡಲ್ ಬಲಕ್ಕೆ ತಿರುಗಲು ಶುರುವಾದದ್ದು ನನಗೆ ಇಲ್ಲಿಂದಲೇ ಕಂಡಿತು. ಆಗ ಅಮ್ಮ ಸೀಟಿನ ಕೆಳಗಿನಿಂದ ಕೈ ತೆಗೆದು ತಂಗಿಯ ಸೊಂಟ ಬಳಸಿ ಏನೋ ಹೇಳಿದಳು. ಹ್ಯಾಂಡಲ್ ಅಲ್ಲಾಡಿತು, ಮತ್ತೆ ಎಡಕ್ಕೆ ಬಂತು. ಸೈಕಲ್ಲು ನೇರವಾಗಿ, ಅಪ್ಪ ತಿರುಗಿದ ಆ ಜಾಗದ ಮೇಲೆಯೇ, ಹೋಯಿತು. ಬಸ್ಸು ಅವರ ಪಕ್ಕದಲ್ಲಿ ಹಾದು ಹೋಯಿತು.

ಅಮ್ಮ ಹೇಳಿದ್ದು ಏನೆಂದು ತಂಗಿ ಸಂಜೆ ನನಗೆ ಹೇಳಿದಳು. ಆಗ ಅವಳು ನಗುತ್ತಿರಲಿಲ್ಲ.

"'ನೆಟ್ಟಗೆ ಓಗು ಮಗ, ಅಲ್ಲಿ ಯಾರೂ ಇಲ್ಲ' ಅಂದ್ಲು ಕಣೆ."

ಅದಾದ ಮೇಲೆ ತಂಗಿ ನೇರವಾಗಿಯೇ ಹೋಗುತ್ತಿದ್ದಳು. ಅವಳ ಹಿಂದೆ ಹೋಗುವ ಹುಡುಗಿಯರೂ. ಹಂಪ್ ಬಂದದ್ದು ಬಹಳ ತಡವಾಗಿ, ಅದೂ ಯಾರ ಅಂಗಡಿಯ ಮುಂದೆಯೂ ಅಲ್ಲದ ಕಡೆ, ಓಣಿಯಿಂದ ಸಾಕಷ್ಟು ಮುಂದೆ. ತಗ್ಗಿಗೆ ಮಣ್ಣು ಬಿತ್ತು, ಮಳೆಗೆ ಹೋಯಿತು. ಚಪ್ಪಡಿಗಳ ಮೇಲೆ ಸಲಿಕೆಗಳು ಹಾಗೇ ಇದ್ದವು.

ತಂಗಿಯ ಸೈಕಲ್ಲಿನಲ್ಲಿ ಹೋದ ಆ ಬೆಳಿಗ್ಗೆ ಅಮ್ಮ ಆಚೆಯಿಂದ ನಡೆದು ಹಿಂತಿರುಗಿ ಬಂದಳು. ಮರದ ಹತ್ತಿರ ನಿಲ್ಲಲಿಲ್ಲ. ಹೂವಿನವಳು ಏನೋ ಕೇಳಿದ್ದಕ್ಕೂ ನಿಲ್ಲಲಿಲ್ಲ. ಮೆಟ್ಟಿಲು ಹತ್ತಿ, ಅಪ್ಪನ ಸೈಕಲ್ಲಿನ ಪಕ್ಕದಲ್ಲಿ ಹಾದು, ಒಳಗೆ ಬರದೆ ಬಾಗಿಲ ಹೊರಗಿನಿಂದಲೇ ನನ್ನನ್ನು ಕರೆದಳು. "ಬಚ್ಚಲಿಗೆ ನೀರು ತಂದಿಡು," ಎಂದಳು.

ಬಿಸಿನೀರು ಇರಲಿಲ್ಲ. ಕಾಯಿಸುತ್ತೇನೆ ಎಂದೆ.

"ಬ್ಯಾಡ. ತಣ್ಣೀರೇ ಆಗ್ಬೇಕು."

ಬಚ್ಚಲಿನ ಬಾಗಿಲು ಮುಚ್ಚಿಕೊಂಡಿತು. ಅಮ್ಮ ತಾನೇ ತನ್ನ ತಲೆಗೆ ನೀರು ಹುಯ್ದುಕೊಳ್ಳುವ ಸದ್ದು ಕೇಳುತ್ತ ನಾನು ಹೊರಗೆ ಟವೆಲ್ ಹಿಡಿದು ನಿಂತಿದ್ದೆ.